ಹಿನ್ನೀರೋ ಮುಳುಗಡೆಯೋ: ಪದ ಆರಿಸಿ ಬರಹದ ದನಿ ಹಿಡಿಯುವ ಬಗೆ

ಶಿವಮೊಗ್ಗದ ದುರ್ಗಿಗುಡಿ ಹತ್ತಿರ ಒಂದು ಸಣ್ಣ ಪ್ರೆಸ್ಸಿನಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದ್ದೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಯಕ್ಷಗಾನದ ಕರಪತ್ರ, ತಿಥಿ ಕಾರ್ಡು ಎಲ್ಲ ಅಲ್ಲೇ ಆಗುತ್ತಿತ್ತು. ಅಕ್ಷರ ಕೂರಿಸುವುದರ ಜೊತೆಗೆ ಬರೆದುಕೊಡುವ ಕೆಲಸವೂ ನನ್ನ ತಲೆಗೇ ಬಂದಿತ್ತು. ಒಂದು ಮಳೆಗಾಲ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಬಂದ. ಅವನ ಅಪ್ಪ ಕೊನೆಗಾರ. ನಲವತ್ತು ವರ್ಷ ಅಡಿಕೆ ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊನೆ, ಇಳಿಸಿದವರು. ಹಿಂದಿನ ವಾರ ತೀರಿಕೊಂಡಿದ್ದರು. ಉತ್ತರಕ್ರಿಯೆಗೆ ಕಾರ್ಡು ಬೇಕಿತ್ತು.

ನಾನು ರೂಢಿಯಂತೆ ಬರೆದೆ: "ನಮ್ಮ ಪೂಜ್ಯ ತಂದೆಯವರು ವಿಧಿವಶರಾಗಿ ಭಗವಂತನ ಪಾದಾರವಿಂದವನ್ನು ಸೇರಿದರೆಂದು ತಿಳಿಸಲು ವಿಷಾದಿಸುತ್ತೇವೆ." ಹುಡುಗ ಎರಡು ಸಲ ಓದಿದ. ಹಾಳೆ ವಾಪಸ್ಸು ಕೊಟ್ಟ. "ಅಣ್ಣ, ಬೇರೆ ಯಾರದ್ದೋ ಕೊಟ್ರಿ ಅನ್ಸುತ್ತೆ" ಅಂದ.

ಅವನು ತಮಾಷೆಗೆ ಹೇಳಿದ್ದಲ್ಲ. ಆ ಸಾಲಿನಲ್ಲಿ ಅವನಿಗೆ ಅಪ್ಪ ಕಾಣಿಸಲೇ ಇಲ್ಲ. ವ್ಯಾಕರಣ ಸರಿ ಇತ್ತು. ಅರ್ಥ ಸರಿ ಇತ್ತು. ಗೌರವಕ್ಕೂ ಕಮ್ಮಿ ಇರಲಿಲ್ಲ. ದನಿ ಮಾತ್ರ ಯಾರದ್ದೋ ಆಗಿತ್ತು. ಆವತ್ತಿನಿಂದ ಏನು ಬರೆದರೂ, ಏನು ಓದಿದರೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಪದ ಯಾರ ಬಾಯಲ್ಲಿ ಬರುತ್ತದೆ? ಕೆಳಗಿನ ಹೆಜ್ಜೆಗಳೆಲ್ಲ ಆ ಒಂದು ಪ್ರಶ್ನೆಯಿಂದಲೇ ಹುಟ್ಟಿದವು. ಕಥೆ ಬರೆಯುವವರಿಗೆ, ಪತ್ರಿಕೆಗೆ ವರದಿ ಕಳಿಸುವವರಿಗೆ, ಪಂಚಾಯಿತಿಗೆ ಅರ್ಜಿ ಬರೆಯುವವರಿಗೆ ಉಪಯೋಗಕ್ಕೆ ಬಂದೀತು. ಬೇರೆಯವರ ಬರಹ ಓದಿ "ಇವರಿಗೇನೋ ಸಿಟ್ಟಿದೆ, ಎಲ್ಲಿದೆ ಅಂತ ಮಾತ್ರ ಗೊತ್ತಾಗ್ತಿಲ್ಲ" ಅನ್ನುವವರಿಗೂ.

ದನಿ ಅಂದರೆ ದೊಡ್ಡ ವಿಷಯವೇನಲ್ಲ. ಬರೆದವರಿಗೆ ತಮ್ಮ ವಿಷಯದ ಬಗ್ಗೆ, ಓದುವವರ ಬಗ್ಗೆ ಏನನ್ನಿಸುತ್ತದೆ ಅನ್ನುವುದು ಬರಹದಲ್ಲಿ ಕೇಳಿಸುತ್ತದಲ್ಲ, ಅದು. ಎದುರಿಗೆ ಮಾತಾಡುವಾಗ ಮುಖ, ಕೈ, ಗಂಟಲು ಈ ಕೆಲಸ ಮಾಡುತ್ತವೆ. "ಬಂದ್ಯಾ?" ಅನ್ನುವುದನ್ನು ಪ್ರೀತಿಯಿಂದಲೂ ಕೇಳಬಹುದು, ಹಲ್ಲು ಕಚ್ಚಿಕೊಂಡೂ ಕೇಳಬಹುದು. ಕಾಗದಕ್ಕೆ ಗಂಟಲಿಲ್ಲ. ಅಲ್ಲಿ ಎಲ್ಲವನ್ನೂ ಪದವೇ ಮಾಡಬೇಕು.

1. ಒಂದೇ ಅರ್ಥದ ಪದಗಳನ್ನು ಸಾಲಾಗಿ ನಿಲ್ಲಿಸಿ

ಒಂದು ಹಾಳೆ ತಗೊಳ್ಳಿ. ಒಂದು ವಿಷಯಕ್ಕೆ ಕನ್ನಡದಲ್ಲಿ ಎಷ್ಟು ಪದ ಇವೆಯೋ ಅಷ್ಟನ್ನೂ ಬರೆಯಿರಿ. ಪಕ್ಕದಲ್ಲಿ ಅದು ಯಾರ ಮಾತು ಅಂತ ಗುರುತು ಹಾಕಿ. ನಾನು ಸಾವಿನಿಂದ ಶುರು ಮಾಡಿದ್ದೆ. ಪ್ರೆಸ್ಸಿನ ಕೆಲಸ ನೋಡಿ, ಬೇರೆ ದಾರಿ ಇರಲಿಲ್ಲ.

"ತೀರಿಕೊಂಡರು" ಜಗಲಿಯ ಮೇಲೆ ಕೂತವರ ಮಾತು. ದನಿ ತಗ್ಗಿಸಿ ಹೇಳುವಂಥದ್ದು. "ಹೋಗ್ಬಿಟ್ರು" ಅನ್ನುವುದು ಫೋನಿನಲ್ಲಿ ಬರುತ್ತದೆ, ಆಮೇಲೆ ಒಂದು ಮೌನ ಇರುತ್ತದೆ. "ನಿಧನರಾದರು" ಪತ್ರಿಕೆಯದು, ಆಕಾಶವಾಣಿಯ ಪ್ರದೇಶ ಸಮಾಚಾರದ್ದು. "ಮೃತಪಟ್ಟರು" ಪೊಲೀಸ್ ಠಾಣೆಯದು. ಅದರ ಹಿಂದೆ ಸಾಮಾನ್ಯವಾಗಿ ಒಂದು ಲಾರಿ ಇರುತ್ತದೆ. "ಅಸುನೀಗಿದರು" ಅಚ್ಚಾದ ಕಾಗದದ ಮೇಲೆ ಬಿಟ್ಟರೆ ಎಲ್ಲೂ ಬದುಕಿಲ್ಲ. ಯಾರಾದರೂ ಬಾಯಲ್ಲಿ ಹೇಳಿದ್ದನ್ನು ನಾನಂತೂ ಕೇಳಿಲ್ಲ. "ಲಿಂಗೈಕ್ಯರಾದರು" ಅಂದ ಕೂಡಲೇ ಮಠ, ಭಕ್ತರು, ಒಂದು ಪರಂಪರೆ ಎಲ್ಲ ಬಂದು ನಿಲ್ಲುತ್ತದೆ. "ಹುತಾತ್ಮರಾದರು" ಅಂದರೆ ಬರೆದವರು ಪಕ್ಷ ಹಿಡಿದರು ಅಂತಲೇ ಅರ್ಥ. "ಗೊಟಕ್ ಅಂದ" ಅನ್ನುವವನಿಗೆ ಸತ್ತವನ ಮೇಲೆ ಮರ್ಯಾದೆ ಇಲ್ಲ.

ಇನ್ನು "ಸತ್ತ". ಇದು ಎಲ್ಲಕ್ಕಿಂತ ಸ್ವಾರಸ್ಯದ ಪದ. ಹೊರಗಿನವರು "ನಿಮ್ಮಪ್ಪ ಯಾವಾಗ ಸತ್ತ?" ಅಂದರೆ ಜಗಳವೇ ಆದೀತು. ಮಗಳು "ಅಪ್ಪ ಸತ್ತಾಗ ನನಗೆ ಎಂಟು ವರ್ಷ" ಅಂತ ಬರೆದರೆ ಒರಟು ಅನ್ನಿಸುವುದಿಲ್ಲ, ಎದೆಗೆ ಬಡಿಯುತ್ತದೆ. ಅದೇ ಮಗಳು "ಅಪ್ಪ ನಿಧನರಾದಾಗ" ಅಂತ ಬರೆದರೆ ಅಪ್ಪ ಒಂದು ಮಾರು ದೂರ ಹೋದ ಹಾಗೆ. ಪದ ಒರಟೋ ಮೃದುವೋ ಅನ್ನುವುದು ಪದದಲ್ಲಷ್ಟೇ ಇಲ್ಲ, ಹೇಳುವವರಿಗೂ ಸತ್ತವರಿಗೂ ಇರುವ ನಂಟಿನಲ್ಲಿದೆ. ನಿಘಂಟು ನೋಡಿದರೆ ಇದು ಸಿಗುವುದಿಲ್ಲ. ನಿಘಂಟಿಗೆ ಎಲ್ಲವೂ "ಮರಣ ಹೊಂದು".

ಇದೇ ರೀತಿ ನೀವು ಮಾಡಿ ನೋಡಿ: ಮುದುಕ, ಅಜ್ಜ, ವೃದ್ಧ, ಹಿರಿಯರು. ಆಳು, ಕೆಲಸದವರು, ಕೂಲಿ, ಕಾರ್ಮಿಕ. ಹೆಂಡತಿ, ಮನೆಯವರು, ಪತ್ನಿ, ಧರ್ಮಪತ್ನಿ. ನಾಲ್ಕು ಸಾಲು ಮಾಡುವಷ್ಟರಲ್ಲಿ ಕಿವಿ ಚುರುಕಾಗುತ್ತದೆ.

2. ಪದ ಎಲ್ಲಿ ನಿಂತು ನೋಡುತ್ತಿದೆ, ಹುಡುಕಿ

ಸಾಗರ, ಹೊಸನಗರ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಆದದ್ದು 1964ರಲ್ಲಿ. ನೀರು ಹಿಂದಕ್ಕೆ ಏರಿ ಊರು, ಗದ್ದೆ, ತೋಟ, ಕಾಡು ಎಲ್ಲ ಒಳಗೆ ಹೋಯಿತು. ಈಗ ಅದೇ ನೀರನ್ನು ನೋಡಿ ಬರೆಯುವವರು ಬಳಸುವ ಪದಗಳನ್ನು ಗಮನಿಸಿ.

ಪ್ರವಾಸದ ಲೇಖನದಲ್ಲಿ ಅದು "ಹಿನ್ನೀರು". ಹಿಂದೆ ಮುಂದೆ "ಸೊಬಗು", "ಸೂರ್ಯಾಸ್ತ", "ವಿಹಂಗಮ" ಇದ್ದೇ ಇರುತ್ತವೆ. ವಿದ್ಯುತ್ ಇಲಾಖೆಯ ಲೆಕ್ಕದಲ್ಲಿ ಅದು "ಜಲಾಶಯ". ಗರಿಷ್ಠ ಮಟ್ಟ 1819 ಅಡಿ, ಇವತ್ತಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್. ಊರು ಬಿಟ್ಟು ಬಂದ ಮನೆಗಳಲ್ಲಿ ಅದು "ಮುಳುಗಡೆ". "ನಮ್ದು ಮುಳುಗಡೆ" ಅಂದರೆ ಸಾಕು. ಎಲ್ಲಿಂದ ಬಂದರು, ಏನು ಕಳೆದುಕೊಂಡರು, ಹಕ್ಕುಪತ್ರಕ್ಕೆ ಎಷ್ಟು ಸಲ ಅಲೆದರು, ಎಲ್ಲ ಆ ಒಂದು ಪದದಲ್ಲಿ ಬಂತು. ಕಾಲವನ್ನು ಲೆಕ್ಕ ಹಾಕುವುದೂ ಅದರಿಂದಲೇ: "ಮುಳುಗಡೆಗಿಂತ ಮುಂಚೆ", "ಮುಳುಗಡೆ ಆದ್ಮೇಲೆ".

ಮೂರು ಪದವೂ ಸುಳ್ಳಲ್ಲ. ನೀರೂ ಒಂದೇ. ಹಿನ್ನೀರು ಅನ್ನುವವರು ದಡದಲ್ಲಿ ನಿಂತಿದ್ದಾರೆ. ಜಲಾಶಯ ಅನ್ನುವವರು ಅಣೆಕಟ್ಟಿನ ಮೇಲೆ. ಮುಳುಗಡೆ ಅನ್ನುವವರು ನೀರಿನ ಅಡಿಯಲ್ಲಿ ಇದ್ದ ಅಂಗಳದಲ್ಲಿ ಇನ್ನೂ ನಿಂತಿದ್ದಾರೆ. ನೀವು ಬರೆಯುವ ಮುಂಚೆ ಎಲ್ಲಿ ನಿಂತಿದ್ದೀರಿ ಅಂತ ತೀರ್ಮಾನ ಮಾಡಿಕೊಳ್ಳಿ. ನಡುವೆ ಜಾಗ ಬದಲಾಯಿಸುವುದಾದರೆ ಬೇಕೆಂದೇ ಬದಲಾಯಿಸಿ. ಅರಿವಿಲ್ಲದೆ ಬದಲಾದರೆ ಎಡವಟ್ಟಾಗುತ್ತದೆ. "ಮುಳುಗಡೆ ಸಂತ್ರಸ್ತರು ವಾಸವಿದ್ದ ರಮಣೀಯ ಹಿನ್ನೀರು" ಅನ್ನುವಂಥ ಸಾಲನ್ನು ನಾನೇ ಒಂದು ಕರಪತ್ರಕ್ಕೆ ಬರೆದು, ಅಚ್ಚಿಗೆ ಹೋಗುವ ಮುಂಚೆ ನಾಚಿಕೆಯಾಗಿ ಹೊಡೆದುಹಾಕಿದ್ದೆ.

ಅದೇ ನೀರಿನ ಆಚೆ ದಡದ ತುಮರಿ ಕಡೆಯವರಿಗೂ ಇದೇ ಕಥೆ. ಸಿಗಂದೂರಿನ ಸೇತುವೆ ಆದದ್ದು 2025ರಲ್ಲಿ. ಅಲ್ಲಿಯ ತನಕ ದಾಟಬೇಕಾದರೆ ಲಾಂಚಿಗೆ ಕಾಯಬೇಕು. ವರದಿಗಳಲ್ಲಿ ಅವರು "ದ್ವೀಪದ ಜನ" ಆಗಿದ್ದರು. ದ್ವೀಪ ಅಂದ ಕೂಡಲೇ ನಮ್ಮ ಕಣ್ಣಿಗೆ ತೆಂಗಿನಮರ, ಮರಳು ಬರುತ್ತದೆ. ರಾತ್ರಿ ಹೆರಿಗೆ ನೋವು ಬಂದವಳನ್ನು ದಡದಲ್ಲಿ ಕೂರಿಸಿಕೊಂಡವರಿಗೆ ಆ ಪದ ಹೇಗೆ ಕೇಳಿಸಿರಬೇಡ.

ಭೂಮಿಯ ವಿಷಯಕ್ಕೂ ಹಾಗೇ. ಕಾಡಂಚಿನ ಅದೇ ಎರಡು ಎಕರೆ ಒಬ್ಬರಿಗೆ "ಒತ್ತುವರಿ", ಇನ್ನೊಬ್ಬರಿಗೆ "ಸಾಗುವಳಿ", ತಾಲ್ಲೂಕು ಕಚೇರಿಗೆ "ಬಗರ್ ಹುಕುಂ". ಪತ್ರಿಕೆ ಓದುವಾಗ ಶೀರ್ಷಿಕೆಯಲ್ಲಿ ಇವುಗಳಲ್ಲಿ ಯಾವುದು ಬಂದಿದೆ ನೋಡಿ. ಒಳಗಿನ ಸುದ್ದಿ ಯಾವ ಕಡೆ ವಾಲುತ್ತದೆ ಅಂತ ಸುಮಾರಾಗಿ ಮೊದಲೇ ಹೇಳಬಹುದು.

3. ಪದ ಯಾವ ಡಬ್ಬಿಯಿಂದ ಬಂತು ನೋಡಿ

ನಮ್ಮ ಅಡುಗೆಮನೆಯಲ್ಲಿ ಹಲವು ಡಬ್ಬಿಗಳಿವೆ. ಕನ್ನಡದ್ದೇ ಪದ, ಸಂಸ್ಕೃತದ ಪದ, ಪಾರಸಿ ಅರಬ್ಬಿಯಿಂದ ಕಚೇರಿ ಹಾದಿ ಹಿಡಿದು ಬಂದ ಪದ, ಇಂಗ್ಲಿಷಿನ ಪದ. ಒಂದೊಂದಕ್ಕೂ ಒಂದೊಂದು ಪರಿಮಳ.

ಸಂಸ್ಕೃತದ ಪದ ಮಾತನ್ನು ಎತ್ತರಕ್ಕೆ ಒಯ್ಯುತ್ತದೆ, ಜೊತೆಗೆ ದೂರಕ್ಕೂ ಒಯ್ಯುತ್ತದೆ. ಊಟ ಹಸಿದವರದು, ಭೋಜನ ಆಮಂತ್ರಣದ್ದು. ನೀರು ಕುಡಿಯುವುದು, ಜಲ ಪ್ರೋಕ್ಷಣೆಗೆ. ಕಚೇರಿ ಪದಗಳಲ್ಲಿ ಬೇರೆಯೇ ಗತ್ತಿದೆ: ಅರ್ಜಿ, ತಕರಾರು, ವಸೂಲಿ, ಜಪ್ತಿ, ಹುಕುಂ. "ಕೊಟ್ಟ ಸಾಲ ಕೇಳಲು ಬಂದರು" ಅಂದರೆ ಮುಜುಗರ. "ವಸೂಲಿಗೆ ಬಂದರು" ಅಂದರೆ ಭಯ.

ಇಂಗ್ಲಿಷ್ ಪದ ಬಂದರೆ ಭಾಷೆ ಕೆಟ್ಟಿತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರು ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರೆ ಸರಿಯುತ್ತೇವೆ. "ದಯವಿಟ್ಟು ಸಹಕರಿಸಿ" ಅಂದರೆ ಗೋಡೆಯ ಬೋರ್ಡು ಮಾತಾಡಿದಂತೆ ಕೇಳಿಸುತ್ತದೆ. "ಹೊಂದಿಕೊಳ್ಳಿ" ಅಂದರೆ ಹೊಸ ಸೊಸೆಗೆ ಬುದ್ಧಿ ಹೇಳಿದ ಹಾಗೆ. ಬಸ್ಸಿನ ಕಥೆ ಬರೆಯುವವರು ಅಡ್ಜಸ್ಟ್ ಬಿಟ್ಟರೆ ಬಸ್ಸನ್ನೇ ಬಿಟ್ಟಂತೆ.

ಬೆರೆಸುವಾಗ ಮಾತ್ರ ಹುಷಾರು. ಈ ತಲೆನೋವು ಹೊಸದಲ್ಲ. ಧರ್ಮಾಮೃತ ಬರೆದ ಕವಿ ನಯಸೇನ 12ನೇ ಶತಮಾನದಲ್ಲೇ ಗೊಣಗಿದ್ದಾನೆ: ಸಂಸ್ಕೃತದಲ್ಲಿ ಹೇಳುವುದಾದರೆ ಪೂರ್ತಿ ಸಂಸ್ಕೃತದಲ್ಲೇ ಹೇಳಿ, ಸುದ್ದಗನ್ನಡದೊಳಗೆ ಅದನ್ನು ತಂದು ಸುರಿಯುವುದೆಂದರೆ ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಅಂತ. ತಮಾಷೆ ಏನೆಂದರೆ, ಇದನ್ನು ಹೇಳುವಾಗ ಅವನು ತುಪ್ಪಕ್ಕೆ "ಘೃತ", ಎಣ್ಣೆಗೆ "ತೈಲ" ಅನ್ನುತ್ತಾನೆ. ಬೇಕೆಂದೇ ಚುಚ್ಚಿದ್ದು ಅಂತ ನನ್ನ ಗುಮಾನಿ. ಬೆರೆಸುವುದೇ ತಪ್ಪಲ್ಲ. ಬೆರೆಸಿದ್ದು ಎದ್ದು ಕಾಣುತ್ತದೆ, ಅದಕ್ಕೊಂದು ಕಾರಣ ಇರಬೇಕು ಅಷ್ಟೆ. "ಸಾಹೇಬರು ಕಡುಬು ಸೇವಿಸಿದರು" ಅಂತ ಬರೆದರೆ ಓದುಗ ನಗುತ್ತಾನೆ. ನಗಿಸಲೆಂದೇ ಬರೆದಿದ್ದರೆ ಒಳ್ಳೆಯದು. ಗೌರವಕ್ಕೆ ಬರೆದಿದ್ದರೆ ಕೆಟ್ಟಿತು.

4. ಕ್ರಿಯಾಪದದ ಬಾಲ ಹಿಡಿಯಿರಿ

ಪದ ಆರಿಸುವುದು ಅಂದರೆ ನಾಮಪದ, ವಿಶೇಷಣ ಆರಿಸುವುದು ಅಂತ ಜಾಸ್ತಿ ಜನ ತಿಳಿದಿದ್ದಾರೆ. ಕನ್ನಡದಲ್ಲಿ ದನಿಯ ಅರ್ಧ ಬಾಲದಲ್ಲಿದೆ. ಹೀಗೆ ನೋಡಿ:

ಮಂಗ ಬಾಳೆಗೊನೆ ತಿಂದಿತು.
ಮಂಗ ಬಾಳೆಗೊನೆ ತಿಂದುಬಿಟ್ಟಿತು.
ಮಂಗ ಬಾಳೆಗೊನೆ ತಿಂದುಹಾಕಿತು.
ಮಂಗ ಬಾಳೆಗೊನೆ ತಿಂದುಕೊಂಡು ಹೋಯಿತು.
ಮಂಗ ಬಾಳೆಗೊನೆ ತಿಂದಿತಂತೆ.

ಮೊದಲನೆಯದು ಸುದ್ದಿ. ಎರಡನೆಯದರಲ್ಲಿ "ಅಯ್ಯೋ" ಇದೆ. ಮೂರನೆಯದರಲ್ಲಿ ಕೋವಿ ಹುಡುಕುವಷ್ಟು ಸಿಟ್ಟಿದೆ. ನಾಲ್ಕನೆಯದನ್ನು ಹೇಳುವವರು ಮಂಗನನ್ನು ಕ್ಷಮಿಸಿಬಿಟ್ಟಿದ್ದಾರೆ, ಪಾಪ ಅದಕ್ಕೂ ಹೊಟ್ಟೆ ಇದೆ ಅಂತ. ಐದನೆಯವರು "ನನ್ನ ಕೇಳಬೇಡಿ, ನಾನು ನೋಡಿಲ್ಲ" ಅಂತ ಪಕ್ಕಕ್ಕೆ ಸರಿದಿದ್ದಾರೆ. ಮಂಗ, ಬಾಳೆ, ಗೊನೆ ಯಾವುದೂ ಬದಲಾಗಿಲ್ಲ.

"ಅಂತೆ" ಬಗ್ಗೆ ಇನ್ನೂ ಒಂದು ಮಾತು. ಇದು ಗಾಳಿಸುದ್ದಿಯ ಗುರುತಷ್ಟೇ ಅಲ್ಲ, ಚುಚ್ಚುವ ಸೂಜಿಯೂ ಹೌದು. "ಅವರು ಪ್ರಾಮಾಣಿಕರು" ಅಂದರೆ ಹೊಗಳಿಕೆ. "ಅವರು ಪ್ರಾಮಾಣಿಕರಂತೆ" ಅಂದರೆ ಮಾನ ಹೋಯಿತು. ಎರಡೇ ಅಕ್ಷರ.

ಮರುನುಡಿಯೂ ಹಾಗೆ. "ಕಾಫಿಗೀಫಿ ಆಯ್ತಾ?" ಅನ್ನುವುದರಲ್ಲಿ ಸಲಿಗೆ ಇದೆ. "ಪುಸ್ತಕಗಿಸ್ತಕ ಓದ್ತಾನೆ" ಅನ್ನುವುದರಲ್ಲಿ ತಾತ್ಸಾರ ಇದೆ. ಯಾವುದನ್ನು ಹಗುರ ಮಾಡಿದಿರಿ ಅನ್ನುವುದರ ಮೇಲೆ ಅದು ಪ್ರೀತಿಯೋ ಅವಮಾನವೋ ಆಗುತ್ತದೆ.

ಇನ್ನು ಪದದ ತುದಿಗೆ ಅಂಟುವ "ಏ". ಕನ್ನಡದ ಅತಿ ಸಣ್ಣ, ಅತಿ ಗಟ್ಟಿ ಪದ ಇದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ನಿಮಗೆ ಗೊತ್ತಿರುತ್ತದೆ. ಗೇಣಿ ಅಳೆಯುವ ಕೊಳಗದ ಜಗಳ ನಾಡಿನ ಜಗಳ ಆಯಿತು. 1970ರ ದಶಕದ ಭೂಸುಧಾರಣೆಯ ಹೊತ್ತಿಗೆ ಒಂದು ಘೋಷಣೆ ಮನೆಮಾತಾಗಿತ್ತು: ಉಳುವವನೇ ಹೊಲದೊಡೆಯ. ಇದನ್ನು ಬಿಡಿಸಿ ನೋಡಿ. "ಕೃಷಿಕ" ಇಲ್ಲ, "ಭೂಮಾಲೀಕ" ಇಲ್ಲ. ಉಳು, ಹೊಲ, ಒಡೆಯ. ಮೂರೂ ಗದ್ದೆಯಲ್ಲಿ ನಿಂತವರ ಬಾಯಲ್ಲಿ ಇದ್ದ ಪದಗಳೇ. "ಒಡೆಯ" ಅಂತ ಅವರು ದಿನಾ ಇನ್ನೊಬ್ಬರನ್ನು ಕರೆಯುತ್ತಿದ್ದರು. ಆ ಪದವನ್ನೇ ತಿರುಗಿಸಿ ತಮ್ಮ ಮೇಲೆ ಹಾಕಿಕೊಂಡರು. "ಏ" ತೆಗೆದು ಓದಿ: ಉಳುವವನು ಹೊಲದೊಡೆಯ. ಯಾವುದೋ ಪಾಠದ ಸಾಲಿನಂತೆ ಸಪ್ಪೆ. "ಏ" ಇಟ್ಟರೆ "ಬೇರೆ ಯಾರೂ ಅಲ್ಲ" ಅಂತ ಮೇಜು ಕುಟ್ಟಿದ ಹಾಗೆ.

ಹೀಗಾಗಿ ತಿದ್ದುವಾಗ ಒಂದು ಸುತ್ತು ಬರೀ ಬಾಲಗಳಿಗೆ ಮೀಸಲಿಡಿ. ಪೆನ್ಸಿಲ್ ಹಿಡಿದು ಬಿಡು, ಹಾಕು, ಕೊಳ್ಳು, ಅಂತೆ, ಏ, ಊ ಎಲ್ಲಕ್ಕೂ ಸುತ್ತು ಹಾಕಿ. ಪ್ರತಿ ವಾಕ್ಯಕ್ಕೂ "ಬಿಟ್ಟ, ಬಿಟ್ಟ" ಅಂತಿದ್ದರೆ ಬರಹ ಸುಮ್ನೆ ಕೂಗಾಡುತ್ತಿದೆ ಅಂತ ತಿಳಿಯಿರಿ.

5. ಯಾರು ಮಾಡಿದರು, ಅವರನ್ನು ಹೇಗೆ ಕರೆದಿದ್ದಾರೆ

ಇದು ಬೇಗ ಮುಗಿಯುವ ಹೆಜ್ಜೆ, ಆದರೆ ಬಿಡಬೇಡಿ. "ರಸ್ತೆ ಅಗಲೀಕರಣಕ್ಕಾಗಿ ಮರಗಳನ್ನು ತೆರವುಗೊಳಿಸಲಾಗಿದೆ." ಯಾರು ಮಾಡಿದರು? ಯಾರೂ ಇಲ್ಲ. "ಲಾಗಿದೆ" ಅವರನ್ನು ನುಂಗಿತು. "ತೆರವು" ಮರವನ್ನೂ ನುಂಗಿತು, ಕಸ ತೆಗೆದ ಹಾಗೆ. "ರಸ್ತೆಗೆ ಅಂತ ಮರ ಕಡಿದರು" ಅಂದರೆ ಕೊಡಲಿ ಕಾಣುತ್ತದೆ. "ಮರಗಳ ಮಾರಣಹೋಮ" ಅಂದರೆ ಬರೆದವರ ಸಿಟ್ಟು ಕಾಣುತ್ತದೆ, ಮರ ಮತ್ತೆ ಮರೆಯಾಗುತ್ತದೆ. ನನ್ನ ಓಟು ನಡುವಿನದಕ್ಕೆ.

ಏಕವಚನ, ಬಹುವಚನವನ್ನೂ ನೋಡಿ. ಸರ ಕದ್ದವನು "ಪರಾರಿಯಾಗಿದ್ದಾನೆ". ಕೋಟಿ ತಿಂದವರು "ತಲೆಮರೆಸಿಕೊಂಡಿದ್ದಾರೆ". ಇಬ್ಬರ ಮೇಲೂ ಇರುವುದು ಆರೋಪವೇ. ವ್ಯಾಕರಣ ಮಾತ್ರ ತೀರ್ಪು ಕೊಟ್ಟಾಗಿದೆ.

ಓದುಗರನ್ನು ಕರೆಯುವುದೂ ಇಲ್ಲೇ ಬರುತ್ತದೆ. "ನೀವು" ಅಂದರೆ ಎದುರಿಗೆ ಕೂತವರು. "ತಾವು" ಅಂದರೆ ಅವರು ಕುರ್ಚಿಯಲ್ಲಿ, ನಾನು ನಿಂತಿದ್ದೇನೆ. "ಓದುಗರು" ಅಂದರೆ ಅವರು ಕೋಣೆಯಲ್ಲೇ ಇಲ್ಲ. ಒಂದೇ ಲೇಖನದಲ್ಲಿ ಮೂರನ್ನೂ ಬಳಸಿದರೆ ಓದುವವರಿಗೆ ಎಲ್ಲಿ ಕೂರಬೇಕೋ ಗೊತ್ತಾಗುವುದಿಲ್ಲ.

6. ಊರಿನ ಪದ ಹಾಕಿ, ಆದರೆ ಕೈಹಿಡಿದು ನಡೆಸಿ

ಮಲೆನಾಡಿನ ಬಗ್ಗೆ ಬರೆಯುವವರಿಗೆ ಒಂದು ರೋಗ ಅಂಟಿದೆ. ಯಾವ ಹೋಮ್‌ಸ್ಟೇ ಜಾಹೀರಾತು ನೋಡಿದರೂ ಅದು "ಪ್ರಕೃತಿಯ ಮಡಿಲಲ್ಲಿ" ಇರುತ್ತದೆ. ಸುತ್ತ "ಹಚ್ಚ ಹಸಿರು", "ಮಂಜಿನ ಮುಸುಕು", "ಜುಳುಜುಳು ನಿನಾದ". ಇಷ್ಟು ಓದಿದ ಮೇಲೂ ಆ ಮನೆ ಹೊಸನಗರದಲ್ಲಿದೆಯೋ ಕೊಡಗಿನಲ್ಲಿದೆಯೋ ತಿಳಿಯುವುದಿಲ್ಲ. ಈ ಪದಗಳು ಯಾರ ಬಾಯಲ್ಲೂ ಬರುವುದಿಲ್ಲ, ಅದೇ ತೊಂದರೆ. ಆಗುಂಬೆಯಲ್ಲಿ ಇರುವವರು "ಮಂಜಿನ ಮುಸುಕು" ಅನ್ನುವುದಿಲ್ಲ, "ಬಟ್ಟೆ ಒಣಗಿ ಎಂಟು ದಿನ ಆಯ್ತು ಮಾರಾಯ್ರೆ" ಅನ್ನುತ್ತಾರೆ.

ಮಳೆಗೇ ಎಷ್ಟು ಮಾತಿದೆ. ಜಿಟಿಜಿಟಿ ಅನ್ನುವುದು ಕಿರಿಕಿರಿ. ಧೋ ಅನ್ನುವುದು ಅಬ್ಬರ. ಸೋನೆ ಹಿಡಿಯಿತು ಅಂದರೆ ಬೇಸರದ ಜೊತೆಗೆ ಒಂದು ಸುಖವೂ ಇದೆ, ಒಲೆ ಮುಂದೆ ಕೂರುವುದು. "ಹೊಳವಾಯ್ತು" ಅಂದರೆ ಮಳೆ ನಡುವೆ ಸ್ವಲ್ಪ ಬಿಡುವು ಕೊಟ್ಟಿದೆ, ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದೋ ಔಷಧಿ ಹೊಡೆಯುವುದೋ ಓಡಿ ಮುಗಿಸಬೇಕು. ಅಡಿಕೆಗೆ ಕೊಳೆ ರೋಗ ಬರುವ ಭಯ ಆ ಪದದ ಹಿಂದೆ ನಿಂತಿದೆ. "ವರುಣನ ಆರ್ಭಟ" ಅನ್ನುವುದರ ಹಿಂದೆ ಏನೂ ಇಲ್ಲ.

ಹಾಗಂತ ಊರಿನ ಪದವನ್ನು ಬಾಚಿ ಸುರಿದರೆ ಕಲಬುರಗಿಯ ಓದುಗ ಪುಟ ಮುಚ್ಚುತ್ತಾನೆ. ಅಡಿಟಿಪ್ಪಣಿ ಬೇಡ, ವಾಕ್ಯವೇ ಅರ್ಥ ಹೇಳುವಂತೆ ಮಾಡಿ. "ಉಂಬಳ ಕಚ್ಚಿತು" ಅಂದರೆ ಗೊತ್ತಿಲ್ಲದವರಿಗೆ ಗೊತ್ತಾಗದು. "ತೋಟದಿಂದ ಬಂದು ನೋಡಿದರೆ ಕಾಲ್ಬೆರಳ ಸಂದಿಯಲ್ಲಿ ಉಂಬಳ. ರಕ್ತ ಕುಡಿದು ದ್ರಾಕ್ಷಿಯಂತೆ ಉಬ್ಬಿ, ತಾನಾಗೇ ಉದುರಿತು" ಅಂದರೆ ಯಾರಿಗೂ ಕೇಳುವ ಅಗತ್ಯವಿಲ್ಲ. ಒಂದು ಪ್ಯಾರಾಕ್ಕೆ ಇಂಥ ಪದ ಒಂದೋ ಎರಡೋ ಸಾಕು.

7. ಒಂದೇ ಘಟನೆ, ಮೂರು ಬಾಯಿ

ಇಲ್ಲಿಯ ತನಕ ಓದಿದ್ದನ್ನು ಕೈಗೆ ಹತ್ತಿಸಿಕೊಳ್ಳಲು ನನಗೆ ಗೊತ್ತಿರುವ ಒಳ್ಳೆಯ ಅಭ್ಯಾಸ ಇದು. ಒಂದು ಸಣ್ಣ ಘಟನೆ ಹಿಡಿಯಿರಿ. ಜುಲೈ ರಾತ್ರಿ, ಗಾಳಿ ಮಳೆ, ಲೈನ್ ಮೇಲೆ ಮರ ಬಿತ್ತು, ಮೂರು ದಿನ ಕರೆಂಟಿಲ್ಲ. ಇದನ್ನು ಮೂರು ಜನರ ಬಾಯಲ್ಲಿ ಹೇಳಿಸಿ.

ವರದಿಗಾರ: "ಭಾನುವಾರ ರಾತ್ರಿ ಬೀಸಿದ ಗಾಳಿಗೆ ಮರವೊಂದು ಉರುಳಿ ಎರಡು ವಿದ್ಯುತ್ ಕಂಬಗಳು ಮುರಿದಿವೆ. ಮೂರು ದಿನಗಳಿಂದ ಗ್ರಾಮದಲ್ಲಿ ವಿದ್ಯುತ್ ಪೂರೈಕೆ ಸ್ಥಗಿತಗೊಂಡಿದೆ."

ತೋಟದ ಯಜಮಾನ: "ಮರ ಬಿದ್ದು ಮೂರು ದಿನ ಆಯ್ತು. ಕಂಬ ಇನ್ನೂ ರಸ್ತೆಯಲ್ಲೇ ಮಲಗಿದೆ. ಒಬ್ಬನೇ ಒಬ್ಬ ಈ ಕಡೆ ತಲೆ ಹಾಕಿಲ್ಲ."

ಮನೆಯ ಅಜ್ಜಿ: "ಕರೆಂಟು ಇಲ್ದೆ ಮೂರು ದಿನ ಆಯ್ತಂತೆ. ನಂಗೆಂತ, ಬುಡ್ಡಿ ಒರೆಸಿ ಇಟ್ಟಿದ್ದೆ. ಮಕ್ಳು ಫೋನು ಬಿಟ್ಟು ಒಲೆ ಹತ್ರ ಬಂದು ಕೂತ್ವು."

ಯಜಮಾನರ ಮಾತಿನಲ್ಲಿ ಬೈಗುಳ ಒಂದೂ ಇಲ್ಲ, ನೋಡಿದಿರಾ? ಸಿಟ್ಟು "ಇನ್ನೂ"ನಲ್ಲಿದೆ, "ರಸ್ತೆಯಲ್ಲೇ"ಯ ಏಯಲ್ಲಿದೆ, "ಮಲಗಿದೆ"ಯಲ್ಲಿದೆ. ಕಂಬ ಮಲಗಿದೆ ಅಂದರೆ ಬೇರೆ ಯಾರೋ ಮಲಗಿದ್ದಾರೆ ಅಂತ ತಾನಾಗೇ ಕೇಳಿಸುತ್ತದೆ. ಅಜ್ಜಿಯ ಮಾತಿನಲ್ಲಿ ಖುಷಿ ಅನ್ನುವ ಪದ ಇಲ್ಲ. "ಅಂತೆ"ಯಿಂದ ಆ ಕರೆಂಟಿನ ಜಂಜಾಟವನ್ನು ಆಚೆ ತಳ್ಳಿದ್ದಾರೆ. "ಕೂತ್ವು" ಅಂದು ಮೊಮ್ಮಕ್ಕಳನ್ನು ಕರುಗಳ ಸಾಲಿಗೆ ಸೇರಿಸಿದ್ದಾರೆ, ಅದಕ್ಕಿಂತ ದೊಡ್ಡ ಮುದ್ದು ಇದೆಯಾ?

ಇದನ್ನು ನಾನು ಕಲಿತದ್ದೂ ಪೆಟ್ಟು ತಿಂದೇ. ನಮ್ಮ ಬೀದಿಯ ಕಂಬ ಬಿದ್ದಾಗ ಅಕ್ಕಪಕ್ಕದವರ ಪರವಾಗಿ ಒಂದು ಅರ್ಜಿ ಬರೆದೆ. "ಅಕ್ಷಮ್ಯ ನಿರ್ಲಕ್ಷ್ಯ", "ಕುಂಭಕರ್ಣ ನಿದ್ರೆ", "ಉಗ್ರ ಹೋರಾಟದ ಎಚ್ಚರಿಕೆ" ಎಲ್ಲ ಇತ್ತು. ಓದಿದ ಗುಮಾಸ್ತರು ನಕ್ಕು ಕಡತದ ಅಡಿಗೆ ಇಟ್ಟರು. ಅಂಥವು ದಿನಕ್ಕೆ ಹತ್ತು ಬರುತ್ತಿದ್ದವೇನೋ. ಎರಡನೆಯ ಸಲ ಬರೀ ಇಷ್ಟು ಬರೆದೆ: ಕಂಬ ಬಿದ್ದ ಜಾಗ, ಎಷ್ಟು ಮನೆಗೆ ಬೆಳಕಿಲ್ಲ, ತಂತಿ ಶಾಲೆ ಮಕ್ಕಳು ನಡೆಯುವ ದಾರಿಗೆ ಅಡ್ಡ ಬಿದ್ದಿದೆ, ಸೋಮವಾರ ಶಾಲೆ ಶುರು. "ಸೋಮವಾರ" ಅನ್ನುವ ಪದ ಓದಿ ಅದೇ ಗುಮಾಸ್ತರು ಎದ್ದು ಒಳಗೆ ಹೋದರು. ಉಗ್ರ ಅನ್ನುವ ಪದಕ್ಕೆ ಅವರು ಹೆದರಿರಲಿಲ್ಲ.

8. ಕೊನೆಗೊಂದು ಸಲ ಗಟ್ಟಿಯಾಗಿ ಓದಿ

ಬರೆದು ಮುಗಿಸಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಬಾಯಿಬಿಟ್ಟು ಓದಿ. ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ಗೆರೆ ಎಳೆಯಿರಿ. ಹೆಚ್ಚಾಗಿ ಅದು ನಿಮ್ಮ ಪದ ಆಗಿರುವುದಿಲ್ಲ, ಎಲ್ಲೋ ಓದಿದ್ದು ಬಂದು ಕೂತಿರುತ್ತದೆ. ಸಾಧ್ಯವಾದರೆ ಯಾರ ಬಗ್ಗೆ ಬರೆದಿದ್ದೀರೋ ಅವರ ಮನೆಯವರಿಗೇ ಓದಿ ಹೇಳಿ. ಅವರು "ಚೆನ್ನಾಗಿದೆ" ಅಂದರೆ ನಂಬಬೇಡಿ. ಮಧ್ಯದಲ್ಲಿ ಬಾಯಿ ಹಾಕಿ "ಹಂಗಲ್ಲ, ಹಿಂಗೆ" ಅಂದರೆ ಬರಹ ಅವರಿಗೆ ಮುಟ್ಟಿದೆ.

ಆ ಹುಡುಗನ ಕಾರ್ಡು ಹಾಗೇ ಆಯಿತು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಚಹಾ ತರಿಸಿ, "ನಿಮ್ಮಪ್ಪನ ಬಗ್ಗೆ ಹೇಳು" ಅಂದೆ. ಅವನು ಹೇಳಿದ್ದನ್ನೇ ಮೂರು ಸಾಲು ಮಾಡಿದೆ: "ನಮ್ಮ ಅಪ್ಪ ತೀರಿಕೊಂಡರು. ನಲವತ್ತು ವರ್ಷ ಈ ಸೀಮೆಯ ತೋಟಗಳಲ್ಲಿ ಕೊನೆ ಇಳಿಸಿದವರು. ಅವರ ಉತ್ತರಕ್ರಿಯೆಗೆ ತಾವೆಲ್ಲ ಬಂದು ಊಟ ಮಾಡಿಕೊಂಡು ಹೋಗಬೇಕು." ಪ್ರೆಸ್ಸಿನ ಯಜಮಾನರಿಗೆ ಸಮಾಧಾನ ಆಗಲಿಲ್ಲ. ತಿಥಿ ಕಾರ್ಡಿನಲ್ಲಿ "ಕೊನೆ" ಅಂತ ಇದ್ದರೆ ಜನ ಬೇರೆ ಅರ್ಥ ಮಾಡಿಕೊಂಡಾರು ಅಂದರು. "ನಮ್ಮ ಕಡೆ ಯಾರಿಗೂ ಹಂಗೆ ಕಾಣಲ್ಲ" ಅಂದ ಹುಡುಗ. ಆಮೇಲೆ ನನ್ನ ಪೆನ್ನು ಇಸ್ಕೊಂಡು "ತಾವೆಲ್ಲ" ಹೊಡೆದು "ನೀವೆಲ್ಲ" ಅಂತ ಬರೆದ. ಇನ್ನೂರು ಪ್ರತಿ ಅಚ್ಚು ಹಾಕಿಸಿಕೊಂಡು, ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಸುತ್ತಿ, ಸಂಜೆ ಬಸ್ಸಿಗೆ ಹೋದ.